ಉಕ್ಕಿಗೆ ಅಡವಿಟ್ಟ ವಜ್ರ

ಉಕ್ಕಿನ ಕಾರ್ಖಾನೆಯ ಕನಸು ಕಂಡ ಜಮ್‌ಷೆಟ್‌ಜಿ ಟಾಟಾ 1904ರಲ್ಲಿ ತೀರಿಕೊಂಡಾಗ, ಆ ಕಾರ್ಖಾನೆ ಎಲ್ಲಿ ಏಳಬೇಕು ಎಂಬುದೂ ನಿಶ್ಚಯವಾಗಿರಲಿಲ್ಲ. ಮಗ ದೊರಾಬ್ಜಿ ಮತ್ತು ಸಂಗಡಿಗರು ಬಂಡವಾಳ ಹುಡುಕಿಕೊಂಡು ಮೊದಲು ಹೋದದ್ದು ಲಂಡನ್ನಿಗೆ. ದೊಡ್ಡ ಹಣವೆಲ್ಲ ಅಲ್ಲೇ ಇತ್ತಲ್ಲ! ಆದರೆ ಆಗ ಅಲ್ಲಿನ ಹಣದ ಪೇಟೆ ಬಿಗಿಯಾಗಿತ್ತು. ಹಣ ಹಾಕಲು ಮುಂದೆ ಬಂದವರು ಕಂಪನಿಯ ಹಿಡಿತವನ್ನೂ ಕೇಳಿದರು. ಮಾತುಕತೆ ಮುರಿಯಿತು.

1907ರ ಆಗಸ್ಟಿನಲ್ಲಿ ಟಾಟಾಗಳು ಷೇರುಗಳನ್ನು ಇಲ್ಲಿನ ಜನರ ಮುಂದೆಯೇ ಇಟ್ಟರು. ಬಂಗಾಳ ವಿಭಜನೆಯ ಬೆನ್ನಿಗೆ ಸ್ವದೇಶಿ ಚಳವಳಿ ಕಾವೇರಿದ್ದ ಕಾಲ. ಬಾಂಬೆಯ ಟಾಟಾ ಕಚೇರಿಗೆ ಬೆಳಗಿನಿಂದ ರಾತ್ರಿಯವರೆಗೂ ಜನ ಮುತ್ತಿದರೆಂದು ಆಕ್ಸೆಲ್ ಸಾಹ್ಲಿನ್ ಎಂಬ ಎಂಜಿನಿಯರ್ ಮುಂದೆ ನೆನೆದಿದ್ದಾನೆ. ಮೂರೇ ವಾರಗಳಲ್ಲಿ ಸುಮಾರು 8,000 ಮಂದಿ ಸೇರಿ 16 ಲಕ್ಷ 30 ಸಾವಿರ ಪೌಂಡಿನ ಬಂಡವಾಳವನ್ನು ಪೂರ್ತಿ ಒದಗಿಸಿದರು.

ಇದನ್ನು ಬರೀ ದೇಶಪ್ರೇಮದ ಕಥೆಯಾಗಿ ಹೇಳುವವರು ಒಳಗಿನ ಲೆಕ್ಕವನ್ನು ಮರೆಯುತ್ತಾರೆ. ಕಾರ್ಖಾನೆಯಿಂದ ಮೊದಲ ಉಕ್ಕು ಹೊರಬಂದದ್ದು 1912ರಲ್ಲಿ. ಅಷ್ಟು ಹಣವನ್ನೂ ಸಾಲ ತಂದಿದ್ದರೆ, ಒಂದು ಕಾಸಿನ ಸರಕೂ ಮಾರದೆ ವರ್ಷ ವರ್ಷವೂ ಬಡ್ಡಿ ಕಟ್ಟಬೇಕಿತ್ತು. ಷೇರುದಾರನಾದರೆ ಲಾಭ ಬರುವವರೆಗೆ ಕಾಯುತ್ತಾನೆ. ಪ್ರತಿಯಾಗಿ ಅವನಿಗೆ ಒಡೆತನದಲ್ಲಿ ಪಾಲು ಸಲ್ಲುತ್ತದೆ, ನಿಜ. ಆದರೆ 8,000 ಕೈಗಳಿಗೆ ಹಂಚಿಹೋದ ಒಡೆತನ, ಲಂಡನ್ನಿನ ನಾಲ್ಕಾರು ಸಾಹುಕಾರರ ಹಿಡಿತದಂತಲ್ಲ.

ಸಾಲವೂ ಬಂತು, ಆಮೇಲೆ. ಕಾರ್ಖಾನೆ ನಡೆಸುವ ಖರ್ಚಿಗೆಂದು ನಿಗದಿತ ಬಡ್ಡಿಯ ಡಿಬೆಂಚರುಗಳನ್ನು ಹೊರಡಿಸಿದಾಗ, 4 ಲಕ್ಷ ಪೌಂಡಿನ ಅಷ್ಟೂ ಪತ್ರಗಳನ್ನು ಗ್ವಾಲಿಯರಿನ ಮಹಾರಾಜ ಸಿಂಧಿಯಾ ಒಬ್ಬರೇ ಕೊಂಡರು.

ಮೊದಲ ಮಹಾಯುದ್ಧದ ಬೇಡಿಕೆಯನ್ನು ನಂಬಿ ಕಂಪನಿ ದೊಡ್ಡ ವಿಸ್ತರಣೆಗೆ ಕೈಹಾಕಿತು. ಯುದ್ಧ ಮುಗಿದ ಮೇಲೆ ಖರ್ಚು ಏರಿತು, ಉಕ್ಕಿನ ಬೆಲೆ ಇಳಿಯಿತು, ಯುರೋಪಿನಿಂದ ಅಗ್ಗದ ಉಕ್ಕು ಬಂದು ಸುರಿಯಿತು. 1924ರಲ್ಲಿ ಜಮ್‌ಷೆಡ್‌ಪುರದಿಂದ ತಂತಿ ಬಂತು: ಸಂಬಳಕ್ಕೆ ಹಣವಿಲ್ಲ.

ಆ ಸ್ಥಿತಿಯಲ್ಲಿ ಹೊಸ ಷೇರು ಕೊಳ್ಳುವವರು ಯಾರು? ಉಳಿದದ್ದು ಸಾಲ ಒಂದೇ. ದೊರಾಬ್ಜಿ ತಮ್ಮ ಸ್ವಂತ ಆಸ್ತಿ, ಸುಮಾರು 1 ಕೋಟಿ ರೂಪಾಯಿಯದು, ಇಂಪೀರಿಯಲ್ ಬ್ಯಾಂಕಿಗೆ ಅಡವಿಟ್ಟರು. ಅದರಲ್ಲಿ ಹೆಂಡತಿ ಮೆಹರ್‌ಬಾಯಿಯ ಒಡವೆಗಳೂ ಇದ್ದವು, 245 ಕ್ಯಾರಟ್ ತೂಗುವ ಜುಬಿಲಿ ವಜ್ರವೂ ಇತ್ತು. ಕೊಹಿನೂರಿನ ಎರಡರಷ್ಟಕ್ಕಿಂತ ದೊಡ್ಡದು ಅದು. ಸೀಮಿತ ಹೊಣೆಯ ಕಂಪನಿಯಲ್ಲಿ ಅಧ್ಯಕ್ಷನ ಮನೆಯ ಒಡವೆಗೆ ಕೈಹಾಕುವ ಹಕ್ಕು ಯಾವ ಸಾಲಗಾರನಿಗೂ ಇರುವುದಿಲ್ಲ. ದೊರಾಬ್ಜಿ ತಾವಾಗಿಯೇ ಆ ಗೋಡೆಯನ್ನು ಕೆಡವಿದರು.

ಅದೇ ವರ್ಷ ಸರ್ಕಾರ ಕಾಯ್ದೆ ತಂದು ದೇಶದ ಉಕ್ಕಿಗೆ ಸುಂಕದ ರಕ್ಷಣೆ ಕೊಟ್ಟಿತು. ಕಂಪನಿ ಚೇತರಿಸಿಕೊಂಡಿತು, ಅಡವು ಬಿಡುಗಡೆಯಾಯಿತು. ಸಾಮಾನ್ಯ ಷೇರುದಾರರು ಮಾತ್ರ ಡಿವಿಡೆಂಡಿಗಾಗಿ ಇನ್ನೂ ಹಲವು ವರ್ಷ ಕಾದರು.

ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು, ದೊರಾಬ್ಜಿ ಮರುವರ್ಷ. ಆ ಬಳಿಕ ವಜ್ರ ಮಾರಾಟವಾಗಿ, ಹಣ ಅವರ ಹೆಸರಿನ ಟ್ರಸ್ಟಿಗೆ ಸೇರಿತು. 1941ರಲ್ಲಿ ಪರೇಲಿನಲ್ಲಿ ಬಾಗಿಲು ತೆರೆದ ಟಾಟಾ ಮೆಮೋರಿಯಲ್ ಆಸ್ಪತ್ರೆ ಅದೇ ಟ್ರಸ್ಟ್ ಕಟ್ಟಿಸಿದ್ದು.