12345654321

ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂಬ ಈ ಹನ್ನೊಂದು ಅಂಕಿಗಳ ಪೂರ್ಣಸಂಖ್ಯೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಬದಲಾಗದ ಗತಪ್ರತ್ಯಾಗತ ಸಂಖ್ಯೆಗಳಲ್ಲಿ ಒಂದು. ಕರ್ನಾಟಕದ ಗಣಿತೇತಿಹಾಸದಲ್ಲಿ ಇದಕ್ಕೆ ಸ್ಥಾನ ದೊರೆತದ್ದು, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸುವ ಜೈನ ವಿದ್ವಾಂಸ ಮಹಾವೀರಾಚಾರ್ಯನು ಸುಮಾರು 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಿಂದ.

ಆ ಗ್ರಂಥದಲ್ಲಿ ಇದು 27994681 ಮತ್ತು 441ರ ಗುಣಲಬ್ಧವಾಗಿ, ಅಂದರೆ ಗುಣಾಕಾರದ ಫಲವಾಗಿ ಬರುತ್ತದೆ. 12345679ನ್ನು 9ರಿಂದ ಗುಣಿಸಿದಾಗ ಬರುವ 111111111, 142857143ನ್ನು 7ರಿಂದ ಗುಣಿಸಿದಾಗ ಬರುವ 1000000001 ಮೊದಲಾದವು ಇದರ ಒಡನಾಡಿಗಳು. ಅಂಕಿಗಳು ಮಣಿಗಳಂತೆ ಸಾಲುಗೊಳ್ಳುವ ಇಂತಹ ಫಲಗಳಲ್ಲಿ ಕೆಲವನ್ನು ಮಹಾವೀರನು ಕಂಠಾಭರಣಗಳೆಂದು ಕರೆಯುತ್ತಾನೆ. ಆದರೆ ಇವನ್ನು ಕೇವಲ ಚಮತ್ಕಾರವೆಂದು ಬದಿಗಿಡುವುದು ಸರಿಯಲ್ಲ. ಒಂದರಿಂದ ಆರಂಭವಾಗಿ ಆರರವರೆಗೆ ಏರಿ ಅಲ್ಲಿಂದ ಕ್ರಮವಾಗಿ ಇಳಿಯುವ ರಾಶಿ ಎಂದು ಆತ ಈ ಸಂಖ್ಯೆಯನ್ನು ವರ್ಣಿಸಿರುವುದು, ಅಂಕಿಯ ಬೆಲೆ ಅದು ನಿಂತ ಸ್ಥಾನವನ್ನು ಅವಲಂಬಿಸುವ ಪದ್ಧತಿ ಓದುಗರಿಗೆ ಪೂರ್ತಿ ಪರಿಚಿತವಾಗಿದ್ದರೆ ಮಾತ್ರ ಅರ್ಥವಾಗುವ ಮಾತು. ಸ್ಥಾನಮೌಲ್ಯದ ಇತಿಹಾಸಕಾರರು ಇದನ್ನು ಸಾಕ್ಷ್ಯವಾಗಿ ಎತ್ತಿಕೊಂಡಿರುವುದು ಈ ಕಾರಣಕ್ಕಾಗಿಯೇ.

ಸಂಖ್ಯೆಯ ರಚನೆಯ ಗುಟ್ಟು ಅದರ ವರ್ಗಮೂಲದಲ್ಲಿದೆ. ಇದು 111111ರ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿದು ನಿಲ್ಲುವುದರಿಂದ, ಕಂಬಸಾಲುಗಳಲ್ಲಿ ಕೂಡಬೇಕಾದ ಒಂದುಗಳ ಎಣಿಕೆ ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಎಲ್ಲಿಯೂ ದಶಕ ಹೊರಬೇಕಾಗಿಲ್ಲ. ಒಂಬತ್ತು ಒಂದುಗಳ ವರ್ಗವಾದ 12345678987654321ರವರೆಗೆ ಈ ಅಂದ ಉಳಿದು, ಹತ್ತನೆಯದರಲ್ಲಿ ದಶಕ ಬಂದು ಕೆಡುತ್ತದೆ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37 ಆದ್ದರಿಂದ, ಇವುಗಳ ವರ್ಗಗಳ ಗುಣಲಬ್ಧವಾದ ಈ ಸಂಖ್ಯೆಗೆ ಒಟ್ಟು 243 ಭಾಜಕಗಳಿವೆ. ಮಹಾವೀರನ ಎರಡು ಗುಣಕಗಳೂ ಪೂರ್ಣವರ್ಗಗಳೇ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ಅಂಕಿಗಳ ಮೊತ್ತ 36 ಸಹ 6ರ ವರ್ಗ.

ಇದೇ ಜೈನ ಗಣಿತ ಪರಂಪರೆ 12ನೆಯ ಶತಮಾನದಲ್ಲಿ ಕನ್ನಡದಲ್ಲಿ ಮುಂದುವರಿಯಿತು. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ ಮೊದಲಾದ ಕೃತಿಗಳ ಕರ್ತೃ ರಾಜಾದಿತ್ಯನು ಕೂಂಡಿ ಮಂಡಲದ ಪೂವಿನಬಾಗೆಯವನು. ಆ ಊರನ್ನು ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗವೆಂದು ಗುರುತಿಸುತ್ತಾರೆ. ತ್ರೈರಾಶಿಕ, ಪಂಚರಾಶಿಕಗಳನ್ನು ಪದ್ಯಸೂತ್ರಗಳಲ್ಲಿ ಹೇಳಿ ಉದಾಹರಣೆಗಳಿಂದ ಬಿಡಿಸುವ ಅವನ ಒಲವು ಆಭರಣಸಂಖ್ಯೆಗಳಿಗಿಂತ ಕೊಡುಕೊಳ್ಳುವಿಕೆಯ ಲೆಕ್ಕದ ಕಡೆಗಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದ ಗಣಿತಸಾರಸಂಗ್ರಹದ ಸಂಸ್ಕೃತ ಮೂಲ, ಎಂ. ರಂಗಾಚಾರ್ಯರ ಸಂಪಾದನೆಯಲ್ಲಿ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದವಿರುವ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂದಿತು.