ಮದನ್‌ಪುರದ ಮನೆ ಬಾಗಿಲಲ್ಲಿ ಪ್ಲೇಗ್

ಮುಂಬೈಯ ಮಾಂಡ್ವಿಯಲ್ಲಿ ಹಬ್ಬಿದ್ದ ಜ್ವರ ಪ್ಲೇಗ್ ಎಂದು ಡಾ. ಅಕಾಸಿಯೊ ವಿಯೇಗಸ್ ಗುರುತಿಸಿದ್ದು 1896ರ ಸೆಪ್ಟೆಂಬರಿನಲ್ಲಿ. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆಮನೆ ಶೋಧ ಶುರುವಾಯಿತು. ರೋಗಿ ಆಸ್ಪತ್ರೆಗೆ, ಮನೆಯವರು ಕ್ಯಾಂಪಿಗೆ.

1898ರ ಮಾರ್ಚ್ 9ರಂದು ಮದನ್‌ಪುರದ ಜುಲಾಹಾ ನೇಕಾರರ ಮನೆಯಿಂದ ಕಾಯಿಲೆ ಬಿದ್ದ ಹುಡುಗಿಯನ್ನು ಒಯ್ಯಲು ಪ್ಲೇಗ್ ತಂಡ ಬಂತು. ಜನ ಬಿಡಲಿಲ್ಲ. ಗಲಭೆಯಾಯಿತು, ಪೊಲೀಸರು ಗುಂಡು ಹಾರಿಸಿದರು. ಇದನ್ನು ಓದುಬರಹವಿಲ್ಲದವರ ಹಟ ಅಂತ ಬರೆದುಬಿಡುವುದು ಸುಲಭ. ಆದರೆ ಆ ಬಾಗಿಲಲ್ಲಿ ನಿಂತು ನೋಡಿ. ಪರ್ದಾದಲ್ಲಿ ಬೆಳೆದ ಹುಡುಗಿಯ ಮೈ ಮುಟ್ಟುವವರು ಯಾರು? ರಾತ್ರಿ ನೀರು ಕುಡಿಸುವವರು ಯಾರು? ಸತ್ತರೆ ಗುಸ್ಲ್, ಜನಾಝಾ ಆಗುತ್ತದಾ? ಬಂದವರ ಹತ್ತಿರ ಇದಕ್ಕೆಲ್ಲ ಉತ್ತರ ಇರಲಿಲ್ಲ. ರೋಗಕ್ಕಿಂತ ಆರೈಕೆಯ ಭಯವೇ ದೊಡ್ಡದಾಗಿತ್ತು ಅನ್ನಿಸುತ್ತದೆ. ಮುಸ್ಲಿಂ, ಹಿಂದೂ, ಪಾರ್ಸಿ ಸಮುದಾಯಗಳು ತಮ್ಮದೇ ಪ್ಲೇಗ್ ಆಸ್ಪತ್ರೆಗಳನ್ನು ತೆರೆದದ್ದರ ಹಿಂದೆಯೂ ಇದೇ ಇತ್ತು.

ಲಸಿಕೆಯ ಕಥೆಯೂ ಹಾಗೇ. ಹಾಫ್‌ಕಿನ್ ಅದನ್ನು 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಇನ್ನೂ ತರುಣರಾಗಿದ್ದ ಮೂರನೇ ಆಗಾ ಖಾನ್ ತಮ್ಮ ಅನುಯಾಯಿಗಳ ಎದುರೇ ಚುಚ್ಚಿಸಿಕೊಂಡರು. ಹಿಂಜರಿದಿದ್ದ ಖೋಜಾಗಳಲ್ಲಿ ಎಷ್ಟೋ ಮಂದಿ ಆಮೇಲೆ ತೋಳು ಕೊಟ್ಟರು.

ಮದನ್‌ಪುರದ ಗಲಭೆಗೆ ಸರಿಯಾಗಿ ಒಂದು ವರ್ಷ ಮೊದಲು ಪುಣೆಯಲ್ಲೂ ಪ್ಲೇಗ್ ಇತ್ತು. ಅಲ್ಲಿ ಸಾವಿತ್ರಿಬಾಯಿ ಫುಲೆ, ಅವರ ವೈದ್ಯ ಮಗ ಯಶವಂತ ಸೇರಿ ಊರ ಹೊರಗೆ ದವಾಖಾನೆ ನಡೆಸುತ್ತಿದ್ದರು. ಮುಂಢವಾದ ದಲಿತ ಹುಡುಗನೊಬ್ಬನನ್ನು ಸಾವಿತ್ರಿಬಾಯಿ ಬೆನ್ನ ಮೇಲೆ ಹೊತ್ತು ತಂದರು. ಅವರಿಗೂ ಪ್ಲೇಗ್ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು.