ಬದಲಿ ಮಂಡಿಗೆ ಕೀವು ಹತ್ತಿದಾಗ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಬಿ.ಜಿ. ಕೆರೆ. ದೊಡ್ಡಾಸ್ಪತ್ರೆ ಬೇಕೆಂದರೆ ಉತ್ತರಕ್ಕೆ ಬಳ್ಳಾರಿ, ದಕ್ಷಿಣಕ್ಕೆ ಚಿತ್ರದುರ್ಗ, ಇಲ್ಲವೇ ದಾವಣಗೆರೆ. ಮಂಡಿ ಬದಲಿಸಿಕೊಂಡ ರುಮಟಾಯ್ಡ್ ಸಂಧಿವಾತದ ರೋಗಿಗೆ ಈ ದೂರ ಸಣ್ಣದಲ್ಲ. ಆಪರೇಷನ್ ಆದ ಮಂಡಿ ಊದಿ ಬಿಸಿಯಾದರೆ ವಾತವೇ ಮತ್ತೆ ಕೆರಳಿತೆಂದು ಮನೆಯವರು ಕಾಯುತ್ತಾರೆ. ಒಳಗೆ ಸೋಂಕು ತಗುಲಿದಾಗಲೂ ಹೊರಗೆ ಕಾಣುವುದು ಇದೇ ಊತ, ಇದೇ ಬಿಸಿ.

ಈ ಸೋಂಕಿನ ಚರಿತ್ರೆ ಬದಲಿ ಮಂಡಿಯಷ್ಟೇ ಹಳೆಯದು. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಕ್ಷಯ ತಗುಲಿದ ಮಂಡಿಗೆ ಆನೆದಂತದ ಕೀಲು ಕೂರಿಸಿದರು. ಮೊದಮೊದಲು ಕಾಲು ಆಡಿತು. ಆಮೇಲೆ ಕೀವು ಗೆದ್ದಿತು.

ವಾತದ ಮದ್ದಿಗೂ ಈ ಸೋಂಕಿಗೂ ನಂಟಿದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತಕ್ಕೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರು. ಹಾಸಿಗೆ ಹಿಡಿದವರು ಎದ್ದು ಓಡಾಡಿದರು. 1950ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ನೋವು ತಗ್ಗಿಸುವ ಸ್ಟೆರಾಯ್ಡೇ ಸೋಂಕನ್ನು ತಡೆಯುವ ದೇಹದ ಶಕ್ತಿಯನ್ನೂ ಕುಗ್ಗಿಸುತ್ತದೆ. ರೋಗವೂ ಮದ್ದೂ ಸೇರಿ ಈ ರೋಗಿಗಳಿಗೆ ಅಪಾಯ ಹೆಚ್ಚು.

1960ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಆಪರೇಷನ್ ಕೋಣೆಗೆ ಸೋಸಿದ ಗಾಳಿ ಹರಿಸಿ, ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಸೋಂಕನ್ನು ಬಹಳಷ್ಟು ಇಳಿಸಿದರು. 1970ರಲ್ಲಿ ಹ್ಯಾಂಬರ್ಗಿನ ಬುಕ್‌ಹೋಲ್ಟ್ಸ್ ಮತ್ತು ಎಂಗೆಲ್‌ಬ್ರೆಕ್ಟ್, ಕೃತಕ ಕೀಲನ್ನು ಮೂಳೆಗೆ ಕೂರಿಸುವ ಸಿಮೆಂಟಿಗೆ ಜೆಂಟಮೈಸಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸುವ ವಿಧಾನವನ್ನು ಪ್ರಕಟಿಸಿದರು.

ಆದರೂ ಸೋಂಕು ಒಳಹೊಕ್ಕರೆ? ಲೋಹಕ್ಕೆ ಅಂಟಿದ ಬ್ಯಾಕ್ಟೀರಿಯಾ ಲೋಳೆಯ ಪದರದಡಿ ಅಡಗುತ್ತವೆ. ಬರೀ ಮಾತ್ರೆ, ಇಂಜೆಕ್ಷನ್‌ಗೆ ಅವು ಸಾಯುವುದು ಕಷ್ಟ. ನ್ಯೂಯಾರ್ಕಿನ ಜಾನ್ ಇನ್ಸಾಲ್ ಮತ್ತು ಸಂಗಡಿಗರು 1983ರಲ್ಲಿ ಎರಡು ಹಂತದ ದಾರಿ ತೋರಿಸಿದರು: ಕೃತಕ ಕೀಲನ್ನು ಕಿತ್ತು, ಆರು ವಾರ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಕೊಟ್ಟು, ಆಮೇಲೆ ಹೊಸ ಕೀಲು ಕೂರಿಸುವುದು. ಈಗ ಆ ನಡುವಿನ ಕಾಲದಲ್ಲಿ ಔಷಧ ಬೆರೆಸಿದ ಸಿಮೆಂಟಿನ ತುಂಡು ಕೀಲಿನ ಜಾಗ ಕಾಯುತ್ತದೆ.

 

ಸೋಂಕು ಬೇಗ, ಶುರುವಾದ ಕೆಲವೇ ವಾರಗಳಲ್ಲಿ ಸಿಕ್ಕರೆ ಎಷ್ಟೋ ಸಲ ಒಳಗೆ ತೊಳೆದು, ಪ್ಲಾಸ್ಟಿಕ್ ಭಾಗವಷ್ಟನ್ನೇ ಬದಲಿಸಿ ಲೋಹವನ್ನು ಉಳಿಸಬಹುದು. ಅದಕ್ಕೇ ಮೆಡಿಕಲ್ ಸ್ಟೋರಿನ ಆ್ಯಂಟಿಬಯೋಟಿಕ್ ನುಂಗುವ ಮೊದಲೇ ಮಂಡಿಯ ನೀರು ಪರೀಕ್ಷೆಗೆ ಹೋಗಬೇಕು. ಮಾತ್ರೆ ಮೊದಲಾದರೆ ಯಾವ ಬ್ಯಾಕ್ಟೀರಿಯಾ ಎಂಬುದೇ ಪತ್ತೆಯಾಗದೆ ಹೋಗಬಹುದು. ವಾತದ ಮದ್ದಿನ ಚೀಟಿಯನ್ನೂ ಮೂಳೆ ಡಾಕ್ಟರಿಗೆ ತೋರಿಸಬೇಕು.